ತಲೆಸುತ್ತಿಗೆ ಹಿಂಗು, ಸಾಂಬ್ರಾಣಿ, ಗುಗ್ಗುಳ: ಯಾವುದನ್ನು ಬಳಸಬಹುದು, ಯಾವುದನ್ನು ದೂರವಿಡಬೇಕು

ನನ್ನ ತಂಗಿಯ ಮೊದಲ ಬಾಣಂತನ ನಡೆದದ್ದು ಸುರಿಯುವ ಮಳೆಗಾಲದಲ್ಲಿ. ಶೀತ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದ್ದ ಕೋಣೆ, ಮಂಚದ ಪಕ್ಕದಲ್ಲಿ ಕೆಂಡ ತುಂಬಿದ ಅಗ್ಗಿಷ್ಟಿಕೆ, ಎಣ್ಣೆನೀರಿನ ಸ್ನಾನವಾದ ಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ. ಮೂರನೆಯ ವಾರದ ಹೊತ್ತಿಗೆ ಅವಳು ಎದ್ದು ನಿಂತರೆ ಗೋಡೆ ಹಿಡಿಯುವಂತಾಗಿತ್ತು. 'ವಾಯು ತಲೆಗೇರಿದೆ' ಎಂದರು ದೊಡ್ಡಮ್ಮ. ಅಜ್ಜಿ ಹಿಂಗನ್ನು ತುಪ್ಪದಲ್ಲಿ ಹುರಿದು ಅನ್ನದ ಮೊದಲ ತುತ್ತಿನಲ್ಲಿಟ್ಟು ತಿನ್ನಿಸಿದರು. ದಿನಕ್ಕೊಮ್ಮೆ ಹಾಕುತ್ತಿದ್ದ ಹೊಗೆ ಎರಡು ಹೊತ್ತಿಗೆ ಏರಿತು. ತಲೆಸುತ್ತು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. ಹೆರಿಗೆಯಲ್ಲಿ ಹೋದ ರಕ್ತ ಮತ್ತೆ ತುಂಬಿಕೊಂಡಿರಲಿಲ್ಲ. ಡಾಕ್ಟರು ಕಬ್ಬಿಣದ ಚಿಕಿತ್ಸೆ ಬರೆದುಕೊಟ್ಟರು, ಜೊತೆಗೆ ಇನ್ನೊಂದು ಮಾತು ಹೇಳಿದರು: 'ಮೊದಲು ಆ ಕೆಂಡವನ್ನು ಕೋಣೆಯಿಂದ ಆಚೆ ಇಡಿ.'

ಆ ಮಾತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ನಾನು ವೈದ್ಯಳಲ್ಲ. ಆದರೆ ಮರಗಿಡಗಳ ರಾಳ, ಅಂಟುಗಳನ್ನು ತಲೆಸುತ್ತಿಗೆ ಬಳಸುವ ನಮ್ಮ ಮನೆಮದ್ದುಗಳ ಬಗ್ಗೆ ಅಂದಿನಿಂದ ಓದುತ್ತಾ, ಬಲ್ಲವರನ್ನು ಕೇಳುತ್ತಾ ಬಂದಿದ್ದೇನೆ. ಅಜ್ಜಿಯ ಕೈಮದ್ದಿನ ಮೇಲೆ ನನಗೆ ಪ್ರೀತಿಯಿದೆ. ಆ ಪ್ರೀತಿಯಿಂದಲೇ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ನೋಡಬೇಕೆನಿಸಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿದಾಗ ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಡಬ್ಬಿ ತೆಗೆಯುವ ಮೊದಲು ಅಪಾಯದ ಗುರುತು ನೋಡಿ

ತಲೆಸುತ್ತಿನ ಜೊತೆಗೆ ಈ ಕೆಳಗಿನವುಗಳಲ್ಲಿ ಒಂದಿದ್ದರೂ ಮನೆಮದ್ದಿಗೆ ಒಂದು ನಿಮಿಷವನ್ನೂ ಕಳೆಯಬೇಡಿ, 108ಕ್ಕೆ ಕರೆ ಮಾಡಿ:

- ಮಾತು ತೊದಲುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈ ಅಥವಾ ಕಾಲಿನ ಬಲ ಹೋಗುವುದು
- ಒಂದು ವಸ್ತು ಎರಡಾಗಿ ಕಾಣುವುದು, ಹಿಡಿದುಕೊಳ್ಳದೆ ನಿಲ್ಲಲಾಗದಷ್ಟು ತೂರಾಟ
- ಹಿಂದೆಂದೂ ಕಾಣದಂಥ ಹಠಾತ್ ತಲೆನೋವು
- ಎದೆನೋವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು
- ಕಪ್ಪು ಮಲ, ರಕ್ತವಾಂತಿ, ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ

ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಿಂಗಿನ ನೀರು ಕುಡಿಸಿ 'ಸ್ವಲ್ಪ ಮಲಗು, ಸರಿಹೋಗುತ್ತದೆ' ಎಂದು ಕಾಯುವುದರಲ್ಲಿ ಆ ಹೊತ್ತು ಕಳೆದುಹೋಗುತ್ತದೆ. ತಲೆಸುತ್ತಿನ ಜೊತೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೂ ತಡಮಾಡದೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಿ.

ಹೆಜ್ಜೆ 2: ಎಂಥ ತಲೆಸುತ್ತು ಎಂದು ಗುರುತಿಸಿ

ಕನ್ನಡದಲ್ಲಿ ನಾವು ತಲೆಸುತ್ತು, ತಲೆ ತಿರುಗು, ಕಣ್ಣುಕತ್ತಲೆ, ತೂರಾಟ, ಬವಳಿ ಎಂದೆಲ್ಲ ಹೇಳುತ್ತೇವೆ. ಇವು ಒಂದೇ ಅಲ್ಲ. ಆಯುರ್ವೇದವೂ ಇವನ್ನು ಬೇರ್ಪಡಿಸಿದೆ. ತಿರುಗಿದಂತಾಗುವ ಭ್ರಮವನ್ನು ರಜಸ್ಸು, ಪಿತ್ತ, ವಾತಗಳಿಗೂ ಎಚ್ಚರ ತಪ್ಪುವ ಮೂರ್ಛೆಯನ್ನು ಪಿತ್ತ ಮತ್ತು ತಮಸ್ಸಿಗೂ ಸೇರಿಸಿ ಹೇಳಿದೆ. ಹಾಗಾಗಿ 'ತಲೆಸುತ್ತಿಗೆ ಒಂದು ಮದ್ದು' ಎಂದು ಹುಡುಕುವುದು ಹಳೆಯ ವೈದ್ಯಕ್ಕೂ ಒಪ್ಪುವ ಮಾತಲ್ಲ.

ರೋಗಿಯನ್ನು ಹೀಗೆ ಕೇಳಿ: 'ಕೋಣೆ ಗಿರಗಿರನೆ ತಿರುಗುತ್ತದೆಯೇ, ಅಥವಾ ಕಣ್ಣು ಕತ್ತಲೆ ಕಟ್ಟುತ್ತದೆಯೇ? ಯಾವಾಗ? ಎಷ್ಟು ಹೊತ್ತು?'

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ ಕೋಣೆಯೇ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಅದು ಬಹುಮಟ್ಟಿಗೆ ಒಳಕಿವಿಯ ತೊಂದರೆ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ನಮ್ಮ ಸುಣ್ಣದಕಲ್ಲಿನ ಜಾತಿಯ, ಕಣ್ಣಿಗೆ ಕಾಣದ ಹರಳುಗಳಿವೆ. ಅವು ತಮ್ಮ ಜಾಗದಿಂದ ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಬಿದ್ದರೆ ತಲೆ ಅಲುಗಿದಾಗಲೆಲ್ಲ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಇದಕ್ಕೆ ಯಾವ ರಾಳವೂ ಬೇಡ, ಹೆಚ್ಚಿನವರಿಗೆ ಮಾತ್ರೆಯೂ ಬೇಡ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ಕೆಲವು ಭಂಗಿಗಳಿಗೆ ತಿರುಗಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಜಾರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು 'ಕತ್ತಿನ ವಾತ' ಎಂದು ಆರು ತಿಂಗಳು ಗುಗ್ಗುಳದ ಗುಳಿಗೆ ನುಂಗಿದ್ದರು. ಎರಡು ಭೇಟಿಯಲ್ಲಿ ಅವರ ತಲೆಸುತ್ತು ನಿಂತಿತು. ಮೊದಲ ಸಲ ಇದನ್ನು ವೈದ್ಯರ ಕೈಯಲ್ಲೇ ಮಾಡಿಸಿಕೊಳ್ಳಿ. ಯಾವ ಕಿವಿ ಎಂದು ತಿಳಿಯದೆ ವೀಡಿಯೊ ನೋಡಿ ಮಾಡಿದರೆ ಫಲವಿಲ್ಲ, ಕತ್ತಿನ ತೊಂದರೆ ಇದ್ದವರಿಗೆ ಅಪಾಯವೂ ಇದೆ.

ಕುಳಿತಲ್ಲಿಂದ ಎದ್ದೊಡನೆ ಕಣ್ಣು ಕತ್ತಲೆ ಕಟ್ಟಿದರೆ ರಕ್ತದೊತ್ತಡ ಅಳೆಯಿರಿ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆರಡು ಬಾರಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಕಾರಣ ಸಿಕ್ಕಿತು. ನೀರು ಕಡಿಮೆಯಾಗಿರಬಹುದು, ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು, ರಕ್ತಹೀನತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಮನೆಯ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ತಲೆ ಸುತ್ತಿದರೆ ಹಿಮೋಗ್ಲೋಬಿನ್ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಬೇಕು. ಸಕ್ಕರೆ ಕಾಯಿಲೆಯವರಾದರೆ ರಕ್ತದ ಸಕ್ಕರೆಯನ್ನು ಆ ಕ್ಷಣವೇ ನೋಡಿ.

ಹೆಜ್ಜೆ 3: ಕೈಯಲ್ಲಿರುವುದು ರಾಳವೋ ಅಂಟೋ ತಿಳಿದುಕೊಳ್ಳಿ

ಗ್ರಂದಿಗೆ ಅಂಗಡಿಯಲ್ಲಿ ಎಲ್ಲವೂ ಅಕ್ಕಪಕ್ಕದ ಡಬ್ಬಿಗಳಲ್ಲೇ ಇರುತ್ತವೆ. ಒಂದು ಚೂರನ್ನು ನೀರಿಗೆ ಹಾಕಿ ನೋಡಿ. ಕರಗಿದರೆ ಅಥವಾ ಉಬ್ಬಿದರೆ ಅದು ಅಂಟು: ಜಾಲಿಯ ಗೋಂದು, ದಿಂಡಿಗದ ಅಂಟು, ಬೇಸಗೆಯ ಪಾನಕಕ್ಕೆ ಹಾಕುವ ಬಾದಾಮಿ ಗೋಂದು. ಇವು ಸಕ್ಕರೆಯ ಅಣುಗಳು ಉದ್ದಕ್ಕೆ ಹೆಣೆದುಕೊಂಡ ನಾರುಗಳು. ನೀರಿಗೆ ಜಗ್ಗದೆ, ಬಿಸಿಗೆ ಮೆತ್ತಗಾಗಿ, ಸುಟ್ಟರೆ ಪರಿಮಳ ಬಿಟ್ಟರೆ ಅದು ರಾಳ: ಸಾಂಬ್ರಾಣಿ, ಪಶ್ಚಿಮ ಘಟ್ಟದ ಸಾಲುಧೂಪ, ಕರಿಧೂಪ. ಹಿಂಗು, ಗುಗ್ಗುಳಗಳಲ್ಲಿ ಎರಡೂ ಬೆರೆತಿರುವುದರಿಂದ ಅವು ನೀರಿನಲ್ಲಿ ಹಾಲಿನಂತೆ ಕದಡುತ್ತವೆ. ಅಂಟು ಹೊಟ್ಟೆಯಲ್ಲಿ ಆಹಾರದಂತೆ ವರ್ತಿಸುತ್ತದೆ, ರಾಳ ಔಷಧದಂತೆ ವರ್ತಿಸುತ್ತದೆ. ಎಚ್ಚರಿಕೆ ಹೆಚ್ಚು ಬೇಕಾದದ್ದು ಎರಡನೆಯದಕ್ಕೆ.

ಹೆಜ್ಜೆ 4: ಹೊಗೆಯನ್ನು ನಿಲ್ಲಿಸಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಸಾಂಬ್ರಾಣಿ ನಮ್ಮ ಕಾಡಿನದಲ್ಲ. ಸುಮಾತ್ರಾ ಮತ್ತು ಲಾವೋಸ್ ಕಡೆಯ ಸ್ಟೈರಾಕ್ಸ್ ಜಾತಿಯ ಮರಗಳ ತೊಗಟೆ ಗೀರಿ ತೆಗೆದ ರಾಳ. ಅದರ ವಾಸನೆ ಮನಸ್ಸಿಗೆ ಹಿತವೆನ್ನುವುದರಲ್ಲಿ ಎರಡು ಮಾತಿಲ್ಲ. ಧೂಪದ ರಾಳಗಳ ಪೈಕಿ ಬಾಸ್ವೆಲಿಯಾ ಮರದ ರಾಳದಲ್ಲಿರುವ ಒಂದು ಅಂಶ ಇಲಿಗಳ ಆತಂಕವನ್ನು ತಗ್ಗಿಸಿತೆಂದು 2008ರಲ್ಲಿ ಸಂಶೋಧಕರು ತೋರಿಸಿದ್ದರು. ಅಲ್ಲಿ ನೋಡಿದ್ದು ಇಲಿಗಳ ಆತಂಕವನ್ನು, ಮನುಷ್ಯರ ತಲೆಸುತ್ತನ್ನಲ್ಲ. ಧೂಪದ ಹೊಗೆಯಿಂದ ತಲೆಸುತ್ತು ಗುಣವಾಗುತ್ತದೆ ಎನ್ನಲು ಆ ಪ್ರಯೋಗ ಆಧಾರವಾಗುವುದಿಲ್ಲ.

ತೊಂದರೆ ಇರುವುದು ರಾಳಕ್ಕಿಂತ ಹೆಚ್ಚಾಗಿ ಅದನ್ನು ಉರಿಸುವ ಕೆಂಡದಲ್ಲಿ. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ಕಾಣುವ ಲಕ್ಷಣಗಳೇ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು. ಈಗ ಬಾಣಂತಿಯ ಕೋಣೆಯನ್ನು ನೆನೆಯಿರಿ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳು, ಇರುವ ಸ್ವಲ್ಪ ಹಿಮೋಗ್ಲೋಬಿನ್‌ನಲ್ಲೂ ಒಂದು ಪಾಲನ್ನು ಕೆಂಡದ ಅನಿಲಕ್ಕೆ ಬಿಟ್ಟುಕೊಡುತ್ತಾಳೆ. ತಲೆ ಸುತ್ತುತ್ತದೆ. ಸುತ್ತಿದ್ದಕ್ಕೆ ನಾವು ಇನ್ನಷ್ಟು ಹೊಗೆ ಹಾಕುತ್ತೇವೆ. ಪಕ್ಕದ ತೊಟ್ಟಿಲಲ್ಲಿ ಹಸುಗೂಸು ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ. ನನ್ನ ತಂಗಿಯ ಕೋಣೆಯಲ್ಲಿ ನಡೆದದ್ದು ಇದೇ ಇರಬೇಕು ಎಂದು ಈಗಲೂ ನನ್ನ ಎದೆ ನಡುಗುತ್ತದೆ.

ಹಾಗಾಗಿ ಹೀಗೆ ಮಾಡಿ. ತಲೆ ಸುತ್ತುತ್ತಿರುವವರ ಕೋಣೆಯಿಂದ ಕೆಂಡ, ಧೂಪ, ಊದುಬತ್ತಿಗಳನ್ನು ಹೊರಗಿಡಿ. ಎದುರುಬದುರಿನ ಎರಡು ಕಿಟಕಿ ಅಥವಾ ಬಾಗಿಲು ತೆರೆಯಿರಿ. ಕೆಂಡವಿದ್ದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು ಬಂದರೆ, ಹೊರಗಿನ ಗಾಳಿಗೆ ಬಂದೊಡನೆ ಹಗುರಾದರೆ, ಅನಿಲದ ವಿಷವೆಂದೇ ತಿಳಿದು ಎಲ್ಲರನ್ನೂ ಆಚೆ ಕರೆತಂದು ಆಸ್ಪತ್ರೆಗೆ ಹೋಗಿ. ಹಿರಿಯರ ಮನಸ್ಸು ನೋಯಿಸದೆ ಇದನ್ನು ಮಾಡುವ ದಾರಿಯಿದೆ: 'ಅಜ್ಜಿ, ಸಾಂಬ್ರಾಣಿಯನ್ನು ದೇವರ ಮನೆಯಲ್ಲಿ ಹಾಕೋಣ, ಮಗುವಿನ ಕೋಣೆಗೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ' ಎನ್ನಿ. ಕೂದಲು ಒಣಗಿಸಲು ಬಟ್ಟೆಯೂ ಬಿಸಿಲೂ ಸಾಕು.

ಹೆಜ್ಜೆ 5: ಹಿಂಗನ್ನು ಮಜ್ಜಿಗೆಯ ಪ್ರಮಾಣದಲ್ಲೇ ಇಡಿ

ಹಿಂಗು ಇರಾನ್, ಆಫ್ಘಾನಿಸ್ತಾನಗಳ ಫೆರುಲಾ ಗಿಡದ ಬೇರಿನಿಂದ ಒಸರುವ ಹಾಲು. ನಾವು ಇಷ್ಟೊಂದು ಹಿಂಗು ತಿಂದರೂ ನಮ್ಮ ನೆಲದಲ್ಲಿ ಅದರ ಬೆಳೆ ಇರಲಿಲ್ಲ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಅಡುಗೆಮನೆಯ ಡಬ್ಬಿಯಲ್ಲಿರುವುದು ಹೆಚ್ಚಾಗಿ ಕೂಟುಹಿಂಗು. ಅಂದರೆ ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಸೇರಿದ್ದು. ಗೋಧಿ ಒಗ್ಗದವರು ಪೊಟ್ಟಣದ ಹಿಂದಿನ ಪಟ್ಟಿ ಓದಲೇಬೇಕು.

'ಗ್ಯಾಸ್ ತಲೆಗೆ ಹೊಡೆದಿದೆ' ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಹೊಟ್ಟೆಯ ಗಾಳಿ ತಲೆಗೆ ಏರುವ ದಾರಿ ದೇಹದಲ್ಲಿಲ್ಲ. ಆದರೆ ಅಜೀರ್ಣ, ಹೊಟ್ಟೆ ತೊಳಸು, ಊಟ ಬಿಟ್ಟದ್ದು ಎಲ್ಲ ಸೇರಿ ತಲೆ ಹಗುರಾದಂತೆ ಆಗುವುದು ನಿಜ. ಅಂಥ ಕಡೆ ಹಿಂಗಿಗೆ ಒಂದಿಷ್ಟು ಆಧಾರವಿದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಜೀರ್ಣದಿಂದ ನರಳುತ್ತಿದ್ದ 43 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 250 ಮಿಲಿಗ್ರಾಂ ಹಿಂಗಿನ ಕ್ಯಾಪ್ಸೂಲನ್ನು ದಿನಕ್ಕೆರಡರಂತೆ ತಿಂಗಳು ಕೊಟ್ಟರು. ಹೊಟ್ಟೆಯುಬ್ಬರ, ಅಜೀರ್ಣ ಅವರಲ್ಲಿ ಹೆಚ್ಚು ತಗ್ಗಿತು. ಸಣ್ಣ ಪ್ರಯೋಗ, ಮತ್ತು ಅದು ಪರೀಕ್ಷಿಸಿದ್ದು ಹೊಟ್ಟೆಯನ್ನು. ತಲೆಸುತ್ತಿಗೆ ನೇರ ಪುರಾವೆಯಾಗಿ ಇದನ್ನು ಎಣಿಸಬಾರದು.

ಹಾಗಾದರೆ ಬಿಸಿಲಿನಿಂದ ಬಂದವರು ಹಿಂಗು, ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿದೊಡನೆ ಚೇತರಿಸಿಕೊಳ್ಳುವುದೇಕೆ? ಲೋಟದ ತುಂಬ ಇರುವ ನೀರು ಮತ್ತು ಚಿಟಿಕೆ ಉಪ್ಪು ರಕ್ತದ ಗಾತ್ರವನ್ನು ತುಂಬಿಕೊಡುತ್ತವೆ, ರಕ್ತದೊತ್ತಡ ಏರುತ್ತದೆ, ಕಣ್ಣು ತಿಳಿಯಾಗುತ್ತದೆ. ಹಿಂಗು ರುಚಿ ಕೊಟ್ಟು ಇನ್ನೊಂದು ಲೋಟ ಕುಡಿಸುತ್ತದೆ, ಹೊಟ್ಟೆಯನ್ನೂ ಹಗುರ ಮಾಡುತ್ತದೆ. ಅಜ್ಜಿಯ ಮದ್ದು ಸರಿಯಾಗಿಯೇ ಇತ್ತು, ಹೆಸರು ಮಾತ್ರ ಹಿಂಗಿಗೆ ಹೋಯಿತು.

ಮಾಡುವ ವಿಧಾನ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಸೇರಿಸಿ ಕಡೆಯಿರಿ. ಚಿಟಿಕೆ ಉಪ್ಪು, ಕಾಳಿನಷ್ಟು ಹಿಂಗು, ಸ್ವಲ್ಪ ಜೀರಿಗೆಪುಡಿ ಹಾಕಿ. ಕುಳಿತುಕೊಂಡೇ, ಗುಟುಕು ಗುಟುಕಾಗಿ ಕುಡಿಸಿ. ವಾಂತಿ ಭೇದಿಯಾಗಿದ್ದರೆ ಮಜ್ಜಿಗೆಯ ಬದಲು ಔಷಧ ಅಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿನಲ್ಲಿ ಕಲಸಿ ಕೊಡಿ. ಅಧಿಕ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪನ್ನು ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಅಡುಗೆಯ ಪ್ರಮಾಣ ಮೀರಿ ಹಿಂಗಿನ ಉಂಡೆ ನುಂಗುವುದು ಬೇರೆಯ ಮಾತು. ಹಿಂಗಿನ ಸಾರ ಇಲಿಗಳ ರಕ್ತದೊತ್ತಡ ಇಳಿಸಿದೆ. ಒತ್ತಡ ಇಳಿದೇ ತಲೆ ಸುತ್ತುತ್ತಿದ್ದರೆ ಇದು ಬೆಂಕಿಗೆ ತುಪ್ಪ. ಅದರಲ್ಲಿ ಕೂಮರಿನ್ ಜಾತಿಯ ಅಂಶಗಳಿರುವುದರಿಂದ ವಾರ್ಫರಿನ್‌ನಂಥ ರಕ್ತ ತಿಳಿಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ ತಿನ್ನಬಾರದು. ಹಸುಗೂಸುಗಳ ಬಾಯಿಗೆ ಹಿಂಗು ಹಾಕಲೇಬೇಡಿ. ಹಿಂಗಿನ ಮನೆಮದ್ದು ಕುಡಿಸಿದ ಶಿಶುವೊಂದರ ರಕ್ತ ಆಮ್ಲಜನಕ ಸಾಗಿಸಲಾರದಂತಾದ ಪ್ರಕರಣ 1984ರಲ್ಲೇ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಹೆಜ್ಜೆ 6: ಗುಗ್ಗುಳವನ್ನು ಅಂಗಡಿಯಿಂದ ತಂದು ನುಂಗಬೇಡಿ

ರಾಜಸ್ಥಾನ, ಗುಜರಾತಿನ ಒಣನೆಲದ ಮುಳ್ಳುಪೊದೆಯ ರಾಳವಿದು. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಅವರು ಗುಗ್ಗುಳ ಮತ್ತು ರಕ್ತದ ಕೊಬ್ಬಿನ ಕುರಿತು ಮಾಡಿದ ಅಧ್ಯಯನದಿಂದ ಜಗತ್ತಿನ ಗಮನ ಇದರತ್ತ ತಿರುಗಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರ ನಡೆದ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ಸ್ವಲ್ಪ ಏರಿತು, ಕೆಲವರಿಗೆ ಮೈಮೇಲೆ ದದ್ದುಗಳೂ ಎದ್ದವು. ತಲೆಸುತ್ತಿನ ಮಟ್ಟಿಗಂತೂ ಇದಕ್ಕೆ ನಂಬುವಂಥ ಪ್ರಯೋಗದ ಬೆಂಬಲ ಸಿಗುವುದಿಲ್ಲ.

ವಯಸ್ಸಾದವರು ಗಮನಿಸಬೇಕಾದ ಒಂದು ವಿಷಯವಿದೆ. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಎಂಬ ಬಿಪಿ ಮತ್ತು ಹೃದಯದ ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಗುಗ್ಗುಳ ತಗ್ಗಿಸುತ್ತದೆಂದು 1994ರಲ್ಲಿ ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಮಾತ್ರೆ ನುಂಗುತ್ತಿದ್ದರೂ ಅದರ ಬಲ ಕುಗ್ಗುತ್ತದೆ. ಆಯುರ್ವೇದ ವೈದ್ಯರು ಪರೀಕ್ಷಿಸಿ ಗುಗ್ಗುಳದ ಕಲ್ಪ ಬರೆದುಕೊಟ್ಟರೆ ನಿಮ್ಮ ಎಲ್ಲ ಮಾತ್ರೆಗಳ ಹೆಸರನ್ನು ಅವರಿಗೆ ತೋರಿಸಿ. ಈ ಗಿಡ ಅತಿಯಾದ ಗೀರುವಿಕೆಯಿಂದ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿದೆ. ಉಪಯೋಗವೇ ಇಲ್ಲದ ಕಡೆ ಅದನ್ನು ಸುಡುವುದು, ನುಂಗುವುದು ನನಗೆ ಸಂಕಟವೆನಿಸುತ್ತದೆ.

ಹೆಜ್ಜೆ 7: ಕರ್ಪೂರವನ್ನು ಮಕ್ಕಳ ಕೈಗೆಟುಕದಂತೆ ಇಡಿ

ಬವಳಿ ಬಂದವರ ಮೂಗಿಗೆ ಕರ್ಪೂರ ಹಿಡಿಯುವುದುಂಟು. ಇಂದಿನ ಆರತಿ ಕರ್ಪೂರ ಬಹುಪಾಲು ಪೈನ್ ಮರದ ರಾಳದಿಂದ ಬರುವ ಟರ್ಪೆಂಟೈನಿನಿಂದಲೇ ತಯಾರಾಗುವುದರಿಂದ ಇದನ್ನೂ ಇಲ್ಲಿ ಸೇರಿಸಿದೆ. ಅದರ ಘಾಟು ಕ್ಷಣಕಾಲ ಎಚ್ಚರಗೊಳಿಸಬಹುದು, ತಲೆಸುತ್ತಿನ ಕಾರಣಕ್ಕೆ ಏನೂ ಮಾಡುವುದಿಲ್ಲ. ನುಂಗಿದರೆ ವಿಷ. ಪುಟ್ಟ ಮಕ್ಕಳಲ್ಲಿ ಒಂದು ಗ್ರಾಂನಷ್ಟು ಕೂಡ ಸೆಳವು, ಸಾವನ್ನು ತಂದಿದೆ. ಬವಳಿ ಬಂದವರಿಗೆ ಬೇಕಾದದ್ದು ಇಷ್ಟು: ಮಲಗಿಸಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಕತ್ತಿನ ಬಟ್ಟೆ ಸಡಿಲಿಸಿ, ಗಾಳಿ ಬಿಡಿ. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ.

ಹೆಜ್ಜೆ 8: ಅಂಟಿನುಂಡೆ ತಿನ್ನಿ, ಕಬ್ಬಿಣದ ಮಾತ್ರೆ ಬಿಡಬೇಡಿ

ಬೆಳಗಾವಿ, ಧಾರವಾಡದ ಕಡೆ ಬಾಣಂತಿಗೆ ಅಂಟಿನುಂಡೆ ಕೊಡುವುದು ಪ್ರೀತಿಯ ಪದ್ಧತಿ. ತುಪ್ಪದಲ್ಲಿ ಅರಳಿಸಿದ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಶಕ್ತಿ ಬೇಕಾದವಳಿಗೆ ಒಳ್ಳೆಯ ತಿನಿಸು. ಆದರೆ ಇಳಿದ ಹಿಮೋಗ್ಲೋಬಿನ್ ಏರಿಸುವಷ್ಟು ಕಬ್ಬಿಣ ಅದರಲ್ಲಿಲ್ಲ. ಅಂಟಿನ ನಾರು ಮಾತ್ರೆಗಳನ್ನು ಹೀರಿಕೊಳ್ಳಲು ಅಡ್ಡಬರಬಹುದಾದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಬಿಡಿ. ಬಾದಾಮಿ ಗೋಂದನ್ನು ರಾತ್ರಿಯಿಡೀ ನೆನೆಸಿ ಪೂರ್ತಿ ಉಬ್ಬಿದ ಮೇಲೆಯೇ ಪಾನಕಕ್ಕೆ ಹಾಕಿ. ಒಣ ಚೂರು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಹೆಜ್ಜೆ 9: ಒಂದನ್ನು ಪ್ರಯತ್ನಿಸಲೇಬೇಕೆಂದರೆ ಶುಂಠಿ

ಹುಡುಕುತ್ತಾ ಹೋದಾಗ ತಲೆಸುತ್ತಿನ ಮೇಲೆಯೇ ಪ್ರಯೋಗ ನಡೆದದ್ದು ನನಗೆ ಕಂಡದ್ದು ಶುಂಠಿಯಲ್ಲಿ. ಅದು ಮರದ ರಾಳವಲ್ಲ, ಗಡ್ಡೆ. ಆದರೆ ಅದರ ಖಾರವಿರುವುದು ಗಡ್ಡೆಯೊಳಗಿನ ಎಣ್ಣೆರಾಳದಲ್ಲೇ. 1986ರಲ್ಲಿ ಡೆನ್ಮಾರ್ಕಿನಲ್ಲಿ ಎಂಟು ಮಂದಿ ಆರೋಗ್ಯವಂತರ ಕಿವಿಗೆ ನೀರು ಹಾಯಿಸಿ ತಲೆಸುತ್ತು ಬರಿಸಿದಾಗ, ಶುಂಠಿಪುಡಿ ತಿಂದಿದ್ದಾಗ ಸುತ್ತು ಕಡಿಮೆ ಎನಿಸಿತು. 1988ರಲ್ಲಿ ಅಲ್ಲಿನ ನೌಕಾಪಡೆಯ 80 ತರುಣರ ಮೇಲೆ ಕಡಲಿನಲ್ಲಿ ನಡೆದ ಪ್ರಯೋಗದಲ್ಲಿ ವಾಂತಿ ಮತ್ತು ತಣ್ಣನೆಯ ಬೆವರು ಸ್ಪಷ್ಟವಾಗಿ ತಗ್ಗಿದವು, ತಲೆಸುತ್ತಿನಲ್ಲಿ ಕಂಡ ವ್ಯತ್ಯಾಸ ಮಾತ್ರ ಗಟ್ಟಿಯಾಗಿರಲಿಲ್ಲ. ಪುರಾವೆ ತೆಳು, ಆದರೂ ಇದೆ.

ಆಗುಂಬೆ ಅಥವಾ ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸಿನೊಳಗೆ ತಲೆ ಸುತ್ತುವವರು ಹೊರಡುವ ಅರ್ಧ ಗಂಟೆ ಮೊದಲು ಅರ್ಧ ಚಹಾ ಚಮಚ, ಅಂದರೆ ಸುಮಾರು ಒಂದು ಗ್ರಾಂ, ಒಣಶುಂಠಿಪುಡಿಯನ್ನು ಬೆಲ್ಲದ ಜೊತೆ ತಿನ್ನಬಹುದು. ರಕ್ತ ತಿಳಿಗೊಳಿಸುವ ಮಾತ್ರೆ, ಪಿತ್ತಕೋಶದ ಕಲ್ಲು ಇರುವವರು ಮೊದಲು ಕೇಳಿಕೊಳ್ಳಿ.

ಹೆಜ್ಜೆ 10: ಬರೆದಿಟ್ಟು, ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಹೋಗಿ

ತಲೆಸುತ್ತು ಮೂರು ದಿನಕ್ಕಿಂತ ಹೆಚ್ಚು ಮುಂದುವರಿದರೆ, ಅಥವಾ ಬಿಟ್ಟು ಬಿಟ್ಟು ಬರುತ್ತಿದ್ದರೆ, ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಇಷ್ಟು ಬರೆಯಿರಿ: ಎಷ್ಟು ಗಂಟೆಗೆ ಬಂತು, ಏನು ಮಾಡುತ್ತಿದ್ದಾಗ, ಎಷ್ಟು ಹೊತ್ತು, ಆಗಿನ ಬಿಪಿ, ಕೊನೆಯ ಊಟ, ನುಂಗಿದ ಮಾತ್ರೆ, ತಿಂದ ಮನೆಮದ್ದು. ಚೂರ್ಣ, ಗುಳಿಗೆಗಳ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, 'ನಾಟಿ ಔಷಧ ತಿಂದೆ ಎಂದರೆ ಬೈಯುತ್ತಾರೆ' ಎಂದು ಮುಚ್ಚಿಡಬೇಡಿ. ಎದ್ದಾಗ ಬರುತ್ತದೆಯೋ ಮಗ್ಗುಲಾದಾಗ ಬರುತ್ತದೆಯೋ ಎಂಬ ಒಂದು ಸಾಲು ಅವರಿಗೆ ಎಷ್ಟೋ ಪರೀಕ್ಷೆಗಳನ್ನು ಉಳಿಸುತ್ತದೆ.

ತಂಗಿಯ ಎರಡನೆಯ ಬಾಣಂತನದ ಹೊತ್ತಿಗೆ ಅಜ್ಜಿಯೇ ಕಿಟಕಿಯ ಅಗಳಿ ತೆಗೆದರು. ಸಾಂಬ್ರಾಣಿಯ ಧೂಪಾರತಿ ಅಂಗಳದ ತುಳಸಿಕಟ್ಟೆಯ ಬಳಿ ಇತ್ತು. ಕಬ್ಬಿಣದ ಮಾತ್ರೆಯ ಪಟ್ಟಿಯನ್ನು ಅವರು ಹಿಂಗಿನ ಕರಡಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು, ದಿನಾ ಎಣಿಸಿ ಕೊಡುವುದಕ್ಕೆ.